ಅನ್ಯರ ಹೆಸರಿನ ರಿಯಾಯಿತಿ

ದೊಡ್ಡ ಕಂಪನಿಗಳು ತಮ್ಮ ನೌಕರರ ಪ್ರವಾಸಕ್ಕೆಂದು ಹೋಟೆಲುಗಳೊಡನೆ ವರ್ಷಕ್ಕೊಮ್ಮೆ ಒಡಂಬಡಿಕೆ ಮಾಡಿಕೊಳ್ಳುವ ಪದ್ಧತಿಯುಂಟು. ವರ್ಷದಲ್ಲಿ ತಮ್ಮವರು ಇಷ್ಟು ರಾತ್ರಿ ಬಂದು ತಂಗುವರೆಂದು ಕಂಪನಿಯು ಭರವಸೆ ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಹೋಟೆಲು ದರವನ್ನು ಇಳಿಸುತ್ತದೆ. ಇದಕ್ಕೆ ಕಾರ್ಪೊರೇಟ್ ದರವೆಂದು ಹೆಸರು. ಕೊಠಡಿಯನ್ನು ಕಾದಿರಿಸುವಾಗ ಆ ಕಂಪನಿಯ ಕೋಡನ್ನು ನಮೂದಿಸಿದರೆ ಸಾಕು, ಇಳಿದ ದರ ತಾನಾಗಿ ತೋರುತ್ತದೆ. ಕೋಡನ್ನು ಬರೆದವರು ಯಾರೆಂದು ಯಂತ್ರವು ವಿಚಾರಿಸುವುದಿಲ್ಲ.

ಬೆಂಗಳೂರಿನ ಗೃಹಸ್ಥನೊಬ್ಬನು ವೃದ್ಧರಾದ ತಂದೆತಾಯಿಗಳಿಗೆ ಮೈಸೂರಿನ ದಸರೆಯನ್ನು ತೋರಿಸಬಯಸುತ್ತಾನೆ ಎನ್ನೋಣ. ದೊಡ್ಡ ಕಂಪನಿಯೊಂದರಲ್ಲಿರುವ ಅವನ ಭಾವಮೈದುನನು, “ಭಾವಾ, ನಮ್ಮ ಕಂಪನಿಯ ಕೋಡು ಹಾಕಿಬಿಡಿ, ಯಾರೂ ಕೇಳುವುದಿಲ್ಲ” ಎನ್ನುತ್ತಾನೆ. ೫,೦೦೦ ರೂಪಾಯಿಯ ಕೊಠಡಿ ೩,೫೦೦ಕ್ಕೆ ದೊರೆಯುತ್ತದೆ. ಇದರಲ್ಲಿ ತಪ್ಪೇನು? ಖಾಲಿ ಉಳಿಯಬಹುದಾಗಿದ್ದ ಕೊಠಡಿ ತುಂಬಿತು. ಕಂಪನಿಯ ಲೆಕ್ಕಕ್ಕೆ ಒಂದು ರಾತ್ರಿ ಹೆಚ್ಚಾಗಿ ಸೇರಿತು. ಕಳವೆಂದರೆ ಕಳೆದುಕೊಂಡವನೊಬ್ಬನಿರಬೇಕು, ಇಲ್ಲಿ ಅವನೆಲ್ಲಿ?

ಈ ವಾದವನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ಆದರೆ ದಸರೆಯ ದಿನಗಳಲ್ಲಿ ಮೈಸೂರಿನ ಕೊಠಡಿ ಖಾಲಿ ಉಳಿಯುವುದೆಂಬುದು ನಂಬತಕ್ಕ ಮಾತಲ್ಲ. ಸಾಮಾನ್ಯ ಕೊಠಡಿಗಳಲ್ಲಿ ಕೊನೆಯದೊಂದು ಉಳಿದಿರುವವರೆಗೂ ಒಪ್ಪಿದ ದರಕ್ಕೇ ಕೊಡತಕ್ಕದ್ದೆಂಬ ಷರತ್ತು ಕೆಲವು ಒಡಂಬಡಿಕೆಗಳಲ್ಲಿರುತ್ತದೆ. ಅಂತಹ ಕಡೆ ಪೂರ್ಣ ದರ ತೆರಲು ಸಿದ್ಧನಾದವನೊಬ್ಬನು ಹಿಂದಿರುಗಬೇಕಾದೀತು. ಜನಸಂದಣಿಯ ದಿನಗಳನ್ನು ಒಡಂಬಡಿಕೆಯಿಂದ ಹೊರಗಿಡುವ ಹೋಟೆಲುಗಳೂ ಉಂಟು. ಇನ್ನು ಕಂಪನಿಗಾಗುವ ಲಾಭ. ಎಷ್ಟು ರಾತ್ರಿ ಬಂದರೆಂಬ ಲೆಕ್ಕವನ್ನು ಮುಂದಿಟ್ಟುಕೊಂಡೇ ಮರುವರ್ಷದ ದರವನ್ನು ಮಾತಾಡುವರು. ಕಂಪನಿಗೆ ಸಂಬಂಧಿಸದವನ ರಾತ್ರಿ ಆ ಲೆಕ್ಕದಲ್ಲಿ ಸೇರಿದರೆ ಅದು ಸುಳ್ಳು ಸಾಕ್ಷ್ಯವಾಯಿತೇ ಹೊರತು ಉಪಕಾರವಾಗಲಿಲ್ಲ.

ಅದಿರಲಿ, ಯಾರಿಗೂ ಕಾಸಿನ ನಷ್ಟವಿಲ್ಲವೆಂದೇ ಒಪ್ಪೋಣ. ಆಯ್ದಕ್ಕಿ ಮಾರಯ್ಯನು ತಂದದ್ದು ಅಂಗಳದಲ್ಲಿ ಚೆಲ್ಲಿದ ಅಕ್ಕಿ. ಅದನ್ನು ಆಯ್ದುದರಿಂದ ಬಡವಾದವರಿಲ್ಲ. ಆದರೂ ನಿತ್ಯಕ್ಕಿಂತ ಹೆಚ್ಚಾಗಿ ತಂದಂದು ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ವಾಚಕರಿಗೆ ವಿದಿತವೇ ಇದೆ. ಕಳೆದುಕೊಂಡವರು ಯಾರೆಂಬುದು ಆಕೆಯ ಪ್ರಶ್ನೆಯಾಗಿರಲಿಲ್ಲ. ತಮಗೆ ಸಲ್ಲುವುದೆಷ್ಟು ಎಂಬುದಾಗಿತ್ತು. ರಿಯಾಯಿತಿಯೆಂಬುದು ಬಿದ್ದು ಸಿಕ್ಕಿದ ಹಣವಲ್ಲ, ಕೊಟ್ಟ ಮಾತಿಗೆ ಸಂದ ಪ್ರತಿಫಲ. ಆ ಗೃಹಸ್ಥನು ಹೋಟೆಲಿಗೆ ಯಾವ ಮಾತನ್ನೂ ಕೊಟ್ಟಿಲ್ಲ.

ಕಂಪನಿಯ ನೌಕರನೇ ಸ್ವಂತ ಪ್ರವಾಸಕ್ಕೆ ಆ ದರವನ್ನು ಬಳಸುವ ವಿಷಯ ಬೇರೆ. ಅದಕ್ಕೆ ಒಪ್ಪಿಗೆಯಿರುವ ಒಡಂಬಡಿಕೆಗಳುಂಟು, ಕಚೇರಿಯ ಕೆಲಸಕ್ಕೆ ಮಾತ್ರವೆಂದು ಕಟ್ಟುಮಾಡಿದವೂ ಉಂಟು. ಕೇಳಿ ತಿಳಿಯುವುದು ಕಷ್ಟವಲ್ಲ. ಹೋಟೆಲಿನವರೇ ಸಂಗತಿಯನ್ನರಿತು ಸಮ್ಮತಿಸಿದರಂತೂ ದೋಷವಿಲ್ಲ. ಕೇಳಲು ಬರುವ ಸಂಕೋಚವೇ ಇಲ್ಲಿ ಅನೇಕರ ಅಂತರಂಗವನ್ನು ಹೊರಗೆಡಹುತ್ತದೆ.

ಆ ಗೃಹಸ್ಥನು ತಂದೆತಾಯಿಗಳೊಡನೆ ಹೋಟೆಲನ್ನು ಮುಟ್ಟುತ್ತಾನೆ. ಮುಂಗಟ್ಟೆಯ ಗುಮಾಸ್ತನು ವಿನಯದಿಂದ, “ಕಂಪನಿಯ ಗುರುತಿನ ಚೀಟಿ ಇದೆಯೇ, ಸ್ವಾಮಿ?” ಎನ್ನುತ್ತಾನೆ. ಇಲ್ಲವೆಂದರೆ ಅಂದಿನ ಪೂರ್ಣ ದರವನ್ನು ಕೇಳಲು ಅವನಿಗೆ ಅಧಿಕಾರವುಂಟು. ಕೋಡು ಬರೆದಾಗ ತಾನು ಸುಳ್ಳಾಡಿದೆನೆಂದು ಗೃಹಸ್ಥನಿಗೆ ತೋರಿರಲಿಲ್ಲ. ಈಗ ಬಾಯಿ ತೆರೆಯಬೇಕಾಗಿದೆ. ತಂದೆಯು ಕೈಚೀಲ ಹಿಡಿದು ಪಕ್ಕದಲ್ಲಿಯೇ ನಿಂತಿದ್ದಾನೆ. ಚೀಟಿಯನ್ನು ಮನೆಯಲ್ಲಿ ಮರೆತು ಬಂದೆನೆಂದು ಮಗನು ಹೇಳುತ್ತಾನೆ. ಗುಮಾಸ್ತನು ಕ್ಷಣಕಾಲ ಮುಖ ನೋಡಿ, ತುಂಬಿ ಸಹಿ ಮಾಡಬೇಕಾದ ಕಾಗದವನ್ನು ಮುಂದಕ್ಕೆ ಸರಿಸುತ್ತಾನೆ. ಅದರಲ್ಲಿ ಕಂಪನಿಯ ಹೆಸರನ್ನು ಬರೆಯಲು ಒಂದು ಅಂಕಣವಿದೆ.