ಉಜ್ಜಿದರೂ ಅಳಿಯದ ಗುರುತು



ಸಿಂಧನೂರಿನ ಕಾಲುವೆ ಭಾಗದಲ್ಲಿ ಮಳೆ ಬಿದ್ದ ಮೇಲೆ ಹೊಲದ ದಾರಿಗೆ ಇಳಿದವರಿಗೆ ಜೀಪಿನ ಬೆಲೆ ಗೊತ್ತು. ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಬೇರೆ ಗಾಡಿಗಳು ನಿಂತಲ್ಲೇ ನಿಂತರೆ, ನಾಲ್ಕೂ ಗಾಲಿಗೆ ಇಂಜಿನಿನ ಬಲ ಸಿಗುವ ಜೀಪು ತೆವಳಿಯಾದರೂ ಊರು ಸೇರುತ್ತದೆ. ನಮ್ಮ ದೇಶದಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಯಲ್ಲಿ ಜೀಪುಗಳ ಜೋಡಣೆ ಆರಂಭಿಸಿತು. ಹಳೆಯ ಜೀಪುಗಳು ಎಷ್ಟೋ ಇಂದು ಜಾಲಿ ಗಿಡದ ಕೆಳಗೆ ತುಕ್ಕು ಹಿಡಿಯುತ್ತಿವೆ.

ಅಂಥದೊಂದನ್ನು ನೀವು ಕೊಂಡಿರೆನ್ನಿ. ಇಂಜಿನ್ ಬಿಚ್ಚಿ ಕಟ್ಟಿಸಿದಿರಿ, ತುಕ್ಕು ತಿಂದ ತಗಡು ಬದಲಿಸಿದಿರಿ, ಬಣ್ಣ ಹೊಡೆಸಿದಿರಿ. ಆದರೆ ಆರ್.ಸಿ. ಪುಸ್ತಕವಿಲ್ಲ. ಚಾಸಿ ನಂಬರ್ ಇರಬೇಕಾದ ಜಾಗ ನುಣ್ಣಗಿದೆ. ಆಗ ಯಾರೋ ಕಿವಿಯಲ್ಲಿ ಉಸುರುತ್ತಾರೆ: “ಗುಜರಿಗೆ ಹೋದ ಜೀಪಿನ ಕಾಗದ ಕೊಡಸ್ತೀನ್ರಿ ಅಣ್ಣಾರ. ಅದರ ನಂಬರ್ ಇದಕ್ಕ ಹೊಡದ್ರ ಮುಗೀತು!”

ಇಲ್ಲಿ ಸ್ವಲ್ಪ ನಿಲ್ಲಿ. ಆ ನಂಬರ್ ಇನ್ನೊಂದು ಗಾಡಿಯದು. ನುಣ್ಣಗಾದ ಆ ಜಾಗದ ಹಿಂದೆ, ಗಾಡಿ ಕಳವಾಯಿತೆಂದು ಅತ್ತ ಒಂದು ಮನೆಯೂ ಇರಬಹುದು. ನೀವು ಕೊಟ್ಟ ಹಣದಿಂದ ಅವರ ಕಣ್ಣೀರು ಒರೆಸಿದಂತಾಗಲಿಲ್ಲ.

ನೇರ ದಾರಿ ಉದ್ದವಾದದ್ದು. ಮೊದಲು ಪೊಲೀಸ್ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದಂತೆ ತಿಳಿಸಬೇಕು. ದಾಖಲೆಯಲ್ಲಿರುವ ಮಾಲೀಕನನ್ನು, ಅವನಿಲ್ಲದಿದ್ದರೆ ವಾರಸುದಾರರನ್ನು ಹುಡುಕಬೇಕು. ಪುಸ್ತಕ ಕಳೆದದ್ದಷ್ಟೇ ಆಗಿದ್ದರೆ, ಪೊಲೀಸರಿಗೆ ದೂರು ಕೊಟ್ಟು, 26ನೇ ನಮೂನೆಯಲ್ಲಿ ಆರ್.ಟಿ.ಓ. ಕಚೇರಿಗೆ ಅರ್ಜಿ ಹಾಕಿ ಅದರ ನಕಲು ಪಡೆಯುವ ದಾರಿ ಕಾನೂನಿನಲ್ಲೇ ಇದೆ. ಆಮೇಲೆ ಮಾಲೀಕತ್ವದ ವರ್ಗಾವಣೆ. ಗಾಡಿ ಕಳವಿನದೆಂದು ತಿಳಿದರೆ ಅದು ನಿಮ್ಮ ಕೈತಪ್ಪುತ್ತದೆ. ಹಾಕಿದ ಹಣ, ಸುರಿಸಿದ ಬೆವರು ಎಲ್ಲ ಹೋಗಬಹುದು. ಜಕ್ಕಾಯನಿಗೂ ನಷ್ಟವಾಯಿತು. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದು ಅವನು ಎದ್ದು ನಿಂತು ಹೇಳಿದ ದಿನವೇ ಅವನ ಮನೆಗೆ ರಕ್ಷಣೆ ಬಂದಿತೆಂದು ಸಂತ ಲೂಕರು ಬರೆದಿದ್ದಾರೆ.

ಇನ್ನೊಂದು ವಿಷಯ ಕೇಳಿ. ಉಕ್ಕಿನ ಮೇಲೆ ಅಂಕಿಯನ್ನು ಬಲವಾಗಿ ಒತ್ತಿದಾಗ ಮೇಲಿನ ಪದರ ಮಾತ್ರವಲ್ಲ, ಅದರ ಕೆಳಗಿನ ಲೋಹವೂ ಅದುಮಿಕೊಳ್ಳುತ್ತದೆ. ಅರದಿಂದ ಉಜ್ಜಿ ಅಂಕಿ ಅಳಿಸಿದರೂ ತನಿಖೆಯವರು ಅಲ್ಲಿಗೆ ಆಮ್ಲ ಹಚ್ಚಿದಾಗ, ಬಹಳ ಆಳಕ್ಕೆ ಉಜ್ಜಿರದಿದ್ದರೆ, ಹಳೆಯ ಅಂಕಿ ಎಷ್ಟೋ ಸಲ ಮತ್ತೆ ಮೂಡುತ್ತದೆ.

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲೇ ಮಸ್ಕಿ ಸಿಗುತ್ತದೆ. ಅಲ್ಲಿಯ ಬಂಡೆಯ ಶಾಸನವನ್ನು 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಕಂಡುಹಿಡಿದರು. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಸಿಕ್ಕಿದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಈ ಬಂಡೆಯಲ್ಲಿ. ಅಲ್ಲಿ ಯಾರೂ ಹೊಸದಾಗಿ ಹೆಸರು ಕೆತ್ತಲಿಲ್ಲ; ಎರಡು ಸಾವಿರ ವರ್ಷಗಳಿಂದ ಇದ್ದದ್ದನ್ನು ಓದಿದರು, ಅಷ್ಟೆ.

ಪ್ರಿಯರೇ, ಜ್ಞಾನಸ್ನಾನದಲ್ಲಿ ನಮ್ಮ ಆತ್ಮದ ಮೇಲೆ ಒತ್ತಿದ ಮುದ್ರೆಯೂ ಅಂಥದ್ದೇ. ಪಾಪ ಅದರ ಹೊಳಪನ್ನು ಮುಚ್ಚಬಹುದು, ಅಳಿಸಲಾರದು. ಆದ್ದರಿಂದಲೇ ಧರ್ಮಸಭೆ ಈ ಸಂಸ್ಕಾರವನ್ನು ಎರಡನೆಯ ಸಲ ಕೊಡುವುದಿಲ್ಲ. ಆದರೂ ನಾವು ಎಷ್ಟು ಸಲ ಬೇರೆಯವರ ನಂಬರ್ ಹೊಡೆದುಕೊಂಡು ತಿರುಗುತ್ತೇವೆ! ಮನೆಯೊಳಗೆ ಹೆಂಡತಿಯೊಡನೆ ಮಾತು ಬಿಟ್ಟವರು ದೇವಾಲಯದಲ್ಲಿ ಆದರ್ಶ ಗಂಡ. ತಮ್ಮನ ಪಾಲು ನುಂಗಿದವರು ಹಬ್ಬಕ್ಕೆ ದೊಡ್ಡ ದಾನಿ. ಇದೆಲ್ಲ ಮೇಲಿನ ಬಣ್ಣ. ಪಾಪನಿವೇದನೆ ಬಣ್ಣ ಹೊಡೆಯುವುದಿಲ್ಲ, ಬಣ್ಣ ಕೆರೆಯುತ್ತದೆ. ಉರಿಯುತ್ತದೆ, ನಿಜ. ಆದರೆ ಅಡಿಯಲ್ಲಿ ದೇವರು ಇಟ್ಟ ಹೆಸರು ಕಾಣುತ್ತದೆ.

ಈ ವಾರ ನಿಮ್ಮ ಮನೆಯಲ್ಲಿ ಬೇರೆಯವರಿಗೆ ಸೇರಿದ್ದು ಏನಾದರೂ ಇದೆಯೇ ಎಂದು ನೋಡಿ. ಅದು ಗಾಡಿಯಾಗಿರಬಹುದು, ಹೊಲದ ಬದುವಾಗಿರಬಹುದು, ಹಳೆಯ ಸಾಲವಾಗಿರಬಹುದು. ಮೊದಲು ಅದನ್ನು ಹಿಂದಿರುಗಿಸಿ. ಆಮೇಲೆ ಬಲಿಪೀಠದ ಮುಂದೆ ಧೈರ್ಯವಾಗಿ ನಿಲ್ಲಿ. ನಿಮ್ಮನ್ನು ಹೆಸರು ಹಿಡಿದು ಕರೆಯುವ ಪ್ರಭು ಅಲ್ಲಿ ಕಾಯುತ್ತಿದ್ದಾರೆ.