ಉಪ್ಪಿನ ಗಂಟು

ಈ ಸಲದ ಯುಗಾದಿ ಕಾರ್ಯಕ್ರಮಕ್ಕೆ ಯಾಕೆ ಬರಲಿಲ್ಲವೆಂದು ಹಲವರು ಕೇಳಿದಿರಿ. ಹಿಂದಿನ ವಾರ ಡ್ರೈವ್‌ವೇಯ ಹಿಮ ಎತ್ತಿ ಹಾಕಿದ ಮೇಲೆ ಎಡ ಸೊಂಟದಿಂದ ತೊಡೆಯ ಹಿಂಬದಿ ಹಾದು ಹಿಮ್ಮಡಿಯವರೆಗೆ ಸೆಳೆತ ಹಿಡಿದಿತ್ತು. ಸಯಾಟಿಕಾ. ಕಾರಿನಲ್ಲಿ ಕೂರುವುದೇ ಆಗದ ಮಾತು. ಹಬ್ಬದ ದಿನ ಮಂಡಿಗಳ ನಡುವೆ ದಿಂಬಿಟ್ಟುಕೊಂಡು ಕಾರ್ಪೆಟ್ ಮೇಲೆ ಮಗ್ಗುಲಾಗಿ ಮಲಗಿದ್ದೆ. ಹೋಳಿಗೆ ಮಾತ್ರ ಮನೆಗೇ ಬಂತು, ಕಳಿಸಿದವರಿಗೆ ವಂದನೆ.

ಊರಿಂದ ಬಂದಿದ್ದ ಅಮ್ಮ ಕಲ್ಲುಪ್ಪನ್ನು ಬಾಣಲೆಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದರು. ನನ್ನ ಸೊಂಟಕ್ಕೆ ಇಡುವ ಮುಂಚೆ ಪ್ರತಿ ಸಲವೂ ತಮ್ಮ ಮುಂಗೈಗೆ ಒತ್ತಿ ನೋಡುತ್ತಿದ್ದರು. ಜೋಮು ಹಿಡಿದ ಕಡೆ ಚರ್ಮ ಸುಟ್ಟರೂ ತಿಳಿಯದು. ಬಿಸಿಯ ಅಂದಾಜು ಶಾಖ ಕೊಡುವವರ ಕೈಗೇ ಗೊತ್ತಾಗಬೇಕು. ಹೀಟಿಂಗ್ ಪ್ಯಾಡ್ ಇಟ್ಟುಕೊಂಡು ನಿದ್ದೆ ಹೋಗಬೇಡಿ ಅನ್ನುವುದೂ ಇದಕ್ಕೇ.

ಶಾಖದಿಂದ ಬಿಗಿದ ಸ್ನಾಯು ಸಡಿಲವಾಗುತ್ತದೆ, ಅಷ್ಟೇ. ಬೆನ್ನುಮೂಳೆಯ ಡಿಸ್ಕ್ ಹೊರಚಾಚಿ ನರದ ಬೇರನ್ನು ಒತ್ತುತ್ತಿದ್ದರೆ ಉಪ್ಪು ಅದನ್ನು ಒಳಗೆ ತಳ್ಳದು. ಬಹಳ ಜನರಲ್ಲಿ ಅದು ತಾನಾಗಿಯೇ ಕುಗ್ಗುತ್ತದೆ. ನೋವು ಸಾಮಾನ್ಯವಾಗಿ 4ರಿಂದ 6 ವಾರಗಳಲ್ಲಿ ಇಳಿಮುಖವಾಗುತ್ತದೆ. ಅಲ್ಲಿಯವರೆಗೆ ಹಾಸಿಗೆ ಹಿಡಿಯದೆ ಆಗಾಗ ಎದ್ದು ನಡೆದಾಡುವುದೇ ಲೇಸು. “ಅಲುಗಾಡದೆ ಮಲಗು” ಎಂಬ ಅಮ್ಮನ ಅಪ್ಪಣೆಯನ್ನು ನಾನು ಪಾಲಿಸಲಿಲ್ಲ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದು ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಮನೆಮದ್ದಿನ ಮಾತೇ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪಕ್ಕದಲ್ಲೇ ಕೂತಿದ್ದ ಮಗಳು ಗಂಟನ್ನು ತಾನೂ ಕೈಗೆ ಒತ್ತಿ ನೋಡಿದಳು. “ಅಜ್ಜಿ, ಊರಲ್ಲಿ ನಿಂಗೆ ನೋವು ಬಂದ್ರೆ ಯಾರು ಇಡ್ತಾರೆ?”

“ನಂಗೆಲ್ಲಿ ಬರತ್ತೆ ಪುಟ್ಟಿ, ಗುಂಡುಕಲ್ಲಿನ ಹಾಗಿದ್ದೀನಿ” ಅಂದು ಅಮ್ಮ ಗಂಟು ಬಿಸಿ ಮಾಡಲು ಎದ್ದರು. ಏಳುವಾಗ ಸೋಫಾ ಹಿಡಿದುಕೊಂಡಿದ್ದನ್ನು ನಾನೂ ನೋಡಿದೆ, ಅವಳೂ ನೋಡಿದಳು.

ಇಂಗ್ಲಿಷ್ ಬೆರೆಸದೆ ಕೇಳಿದಳಲ್ಲ ಎಂದು ಹಿಗ್ಗಿದ್ದು ನಿಜ. ಉತ್ತರ ಮಾತ್ರ ನನ್ನಲ್ಲೂ ಇರಲಿಲ್ಲ. ಹಾಸನದಲ್ಲಿ ಅಮ್ಮನಿಗೆ ಮಾತ್ರೆ ಮನೆಬಾಗಿಲಿಗೆ ಬರುವ ಹಾಗೆ ಮಾಡಿದ್ದೇನೆ, ವಿಡಿಯೋ ಕಾಲ್ ತಪ್ಪಿಸುವುದಿಲ್ಲ. ಆದರೆ ತಮ್ಮ ಸೊಂಟಕ್ಕೆ ತಾವೇ ಶಾಖ ಕೊಟ್ಟುಕೊಳ್ಳಲು ಅವರ ಕೈ ಎಟುಕುವುದಿಲ್ಲ.

ಬೇಸಿಗೆಗೆ ನಿಮ್ಮಲ್ಲೂ ಅಪ್ಪ ಅಮ್ಮನೋ ಅತ್ತೆ ಮಾವನೋ ಬರುತ್ತಾರೆ. ಜಲಪಾತ, ಮ್ಯೂಸಿಯಂ ತೋರಿಸುವುದು ಇದ್ದದ್ದೇ. ಒಂದು ಸಂಜೆಯಾದರೂ ಮಕ್ಕಳ ಕೈಗೆ ಗಂಟು ಕೊಟ್ಟು, ನೀವೂ ಜೊತೆಗಿದ್ದು, ಹಿರಿಯರ ಮಂಡಿಗೋ ಸೊಂಟಕ್ಕೋ ಶಾಖ ಕೊಡಿಸಿ. ಅವರು ವಾಪಸು ಹೋದ ಮೇಲೆ ಏನು ಎಂಬುದಕ್ಕೆ ಇದು ಉತ್ತರವಲ್ಲ. ಆದರೂ ಕೊಡಿಸಿ. ಕಲ್ಲುಪ್ಪು ಇಂಡಿಯನ್ ಸ್ಟೋರಿನಲ್ಲಿ ಸಿಗುತ್ತದೆ.