ಬಿಸಿಲಿಗೂ ಒಂದು ಪರಿಮಾಣ ವ್ರತ

ಹೊಸಕೋಟೆ ತಾಲ್ಲೂಕಿನ ಸಮೇತನಹಳ್ಳಿಯಲ್ಲಿ ಒಂದು ಮನೆ ಎಂದುಕೊಳ್ಳೋಣ. ತಾರಸಿಯ ಮೇಲೆ 5 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್, ಒಳಗೆ 10 ಯೂನಿಟ್ ಹಿಡಿಯುವ ಬ್ಯಾಟರಿ, ಇವೆರಡರ ನಡುವೆ 3 ಕಿಲೋವ್ಯಾಟ್‌ನ ಹೈಬ್ರಿಡ್ ಇನ್ವರ್ಟರ್. ಸಂಜೆ ಕರೆಂಟ್ ಹೋಗುತ್ತದೆ. ಬ್ಯಾಟರಿ ತುಂಬಿದೆ. ಆದರೂ 2 ಕಿಲೋವ್ಯಾಟ್ ಗೀಸರ್ ಮತ್ತು ಒಂದೂವರೆ ಕಿಲೋವ್ಯಾಟ್ ಇಂಡಕ್ಷನ್ ಒಲೆಯನ್ನು ಒಟ್ಟಿಗೆ ಹಾಕಿದರೆ ಇನ್ವರ್ಟರ್ ಟ್ರಿಪ್ ಆಗುತ್ತದೆ.

ಕೂಡಿಟ್ಟದ್ದು ಎಷ್ಟು ಎಂಬುದು ಯೂನಿಟ್‌ನ ಲೆಕ್ಕ, ಒಂದು ಹೊತ್ತಿಗೆ ಎಷ್ಟು ಕೈಗೆ ಬರುತ್ತದೆ ಎಂಬುದು ಕಿಲೋವ್ಯಾಟ್‌ನ ಲೆಕ್ಕ. ಬ್ಯಾಟರಿಯನ್ನು ದುಪ್ಪಟ್ಟು ಮಾಡಿದರೆ ದೀಪ ಹೆಚ್ಚು ಹೊತ್ತು ಉರಿಯಬಹುದು. ಇನ್ವರ್ಟರ್ ಕೊಡುವುದು ಮಾತ್ರ ಅದೇ 3 ಕಿಲೋವ್ಯಾಟ್. ಒಂದು ಎಚ್‌ಪಿ ಮೋಟರ್‌ಗೆ ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಸಾಕಾದರೂ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದು ಹಲವು ಪಟ್ಟು ಎಳೆಯುತ್ತದೆ. ಮಧ್ಯಾಹ್ನ ಬ್ಯಾಟರಿ ತುಂಬಿದ ಮೇಲೆ ಇನ್ವರ್ಟರ್‌ನ ಮಿತಿ ಮೀರಿದ ಬಿಸಿಲು ವಿದ್ಯುತ್ತಾಗುವುದೇ ಇಲ್ಲ.

ಬೇಕಾದಷ್ಟು ಇದ್ದೂ ಸಾಲದು ಎನಿಸುವ ಈ ಸ್ಥಿತಿಯನ್ನು ಧರ್ಮಚಿಂತನೆ ಬಹಳ ಹಿಂದೆಯೇ ಎದುರಿಸಿದೆ. ಶ್ರವಣಬೆಳಗೊಳದಲ್ಲಿ 10ನೇ ಶತಮಾನದಿಂದ ನಿಂತಿರುವ ಬಾಹುಬಲಿ ಎಲ್ಲವನ್ನೂ ತೊರೆದವನು. ಆದರೆ ಜೈನ ಧರ್ಮ ಗೃಹಸ್ಥನಿಂದ ಅಷ್ಟನ್ನು ಬಯಸಲಿಲ್ಲ. ಮುನಿಗೆ ಮಹಾವ್ರತ, ಸಂಸಾರಿಗೆ ಅಣುವ್ರತ. ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ: ಹೊಲ, ಮನೆ, ಧಾನ್ಯ, ಚಿನ್ನ ತನಗೆ ಎಷ್ಟು ಸಾಕು ಎಂದು ಮೊದಲೇ ನಿಶ್ಚಯಿಸಿ, ಆ ಗೆರೆಯೊಳಗೆ ಬದುಕುವುದು.

ಹಾಗಾದರೆ ಮಿತಿಯೆಲ್ಲ ಪುಣ್ಯವೇ?

ಅಲ್ಲ. ವ್ರತದ ಬೆಲೆ ಇರುವುದು ಅದನ್ನು ತಿಳಿದು ಕೈಗೊಳ್ಳುವುದರಲ್ಲಿ. ಕೊಟೇಶನ್‌ನಲ್ಲಿ ಬರೆದ ಅಂಕಿಗೆ ಸುಮ್ಮನೆ ಸಹಿ ಹಾಕಿದವನಿಗೆ 3 ಕಿಲೋವ್ಯಾಟ್ ಒಂದು ತೊಡಕು; ಗೀಸರ್ ಬೆಳಿಗ್ಗೆ, ಮೋಟರ್ ಮಧ್ಯಾಹ್ನ, ಒಲೆ ಸಂಜೆ ಎಂದು ಹಂಚಿಕೊಂಡ ಮನೆಗೆ ಅದೇ 3 ಕಿಲೋವ್ಯಾಟ್ ಧಾರಾಳ. ದೊಡ್ಡ ಇನ್ವರ್ಟರ್ ಎಲ್ಲಕ್ಕೂ ಪರಿಹಾರವೂ ಅಲ್ಲ. ಅದಕ್ಕೆ ದುಡ್ಡು ಹೆಚ್ಚು, ಕೆಲಸವಿಲ್ಲದಾಗಲೂ ಅದು ಒಂದಿಷ್ಟು ವಿದ್ಯುತ್ ತಿನ್ನುತ್ತದೆ. ಕಾದ ಪ್ಯಾನೆಲ್ ತನ್ನ ಪೂರ್ಣ ಸಾಮರ್ಥ್ಯ ಕೊಡದ ಕಾರಣ, ಇನ್ವರ್ಟರ್‌ಗಿಂತ ಪ್ಯಾನೆಲ್ ತುಸು ಹೆಚ್ಚಿರುವುದು ತಪ್ಪೇನಲ್ಲ.

ಅಗತ್ಯದಿಂದ ಲೆಕ್ಕ ಶುರುಮಾಡುವುದು ಕರ್ನಾಟಕಕ್ಕೆ ಹೊಸದಲ್ಲ. 1995ರಲ್ಲಿ ಆರಂಭವಾದ ಸೋಲಾರ್ ಸಂಸ್ಥೆ ಸೆಲ್ಕೊ ಬಡವರ ಮನೆಗೆ ಸೋಲಾರ್ ಒಯ್ದದ್ದು ಅವರವರ ದುಡಿಮೆ, ಬಳಕೆ ನೋಡಿಕೊಂಡೇ. ಅದರ ಸಹಸಂಸ್ಥಾಪಕ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೇಂದ್ರ ಸರ್ಕಾರದ 2024ರ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿಗೂ ಪ್ಯಾನೆಲ್, ಇನ್ವರ್ಟರ್ ಎರಡರಲ್ಲಿ ಕಡಿಮೆ ಇರುವುದೇ ಲೆಕ್ಕ; 3 ಕಿಲೋವ್ಯಾಟ್ ದಾಟಿದರೂ ಮನೆಯೊಂದಕ್ಕೆ ಸಿಗುವುದು 78,000 ರೂಪಾಯಿ.

ಸೋಲಾರ್ ಹಾಕಿಸಲು ಹೊರಟವರು ಮೊದಲು ಮನೆಮಂದಿಯನ್ನು ಕೂರಿಸಿಕೊಂಡು, ಯಾವ ಯಾವ ಉಪಕರಣ ಒಂದೇ ಹೊತ್ತಿಗೆ ನಡೆಯಲೇಬೇಕು ಎಂದು ಬರೆದುಕೊಳ್ಳಲಿ. ಇನ್ವರ್ಟರ್ ಆ ಪಟ್ಟಿಗೆ ತಕ್ಕಂತಿರಲಿ, ಬ್ಯಾಟರಿ ಮತ್ತು ಪ್ಯಾನೆಲ್‌ಗಳ ಲೆಕ್ಕ ಆಮೇಲೆ ಬರಲಿ.